ಚೌಕಟ್ಟಿನೊಳಗೆ ಯಾರೂ ಇರಬಾರದು

"ಕೈ ತೆಗೀರಿ," ಎಂದ ಯೋಗಿರಾಜ.

ಯಾರ ಕೈ ಎಂದು ಯಾರಿಗೂ ತಿಳಿಯಲಿಲ್ಲ. ಆ ಹೊತ್ತಿಗೆ ಕೂಸಿನ ಸುತ್ತ ಐದು ಕೈಗಳಿದ್ದವು. ಯೋಗಿರಾಜನ ಅತ್ತೆ ಗುರುಬಾಯಿಯದು ಹೊಟ್ಟೆಯ ಮೇಲೆ. ಅವನ ತಾಯಿ ಸಾವಿತ್ರಿಬಾಯಿಯದು ನೆತ್ತಿಯ ಮೇಲೆ. ಹೆಂಡತಿ ಶುಭಾಂಗಿಯ ಎರಡೂ ಕೈಗಳು ಪಾದಗಳ ಹತ್ತಿರ. ಐದನೆಯದು ಮಾವ ನಿಂಗಣ್ಣನದು; ಅದು ಎಲ್ಲಿಯೂ ಮುಟ್ಟದೆ, ನೊಣ ಓಡಿಸುವ ನೆಪದಲ್ಲಿ ಗಾಳಿಯಲ್ಲಿ ಆಡುತ್ತಿತ್ತು. ಮೊಬೈಲಿನ ಪರದೆಯಲ್ಲಿ ಕೂಸು ಕಾಣುತ್ತಿರಲಿಲ್ಲ. ಬಳೆಗಳು ಕಾಣುತ್ತಿದ್ದವು.

"ಎಲ್ಲಾರೂ," ಎಂದ.

"ನಾವೇನ ಅಡ್ಡ ಬಂದೀವ್ರಿ?" ಎಂದಳು ಗುರುಬಾಯಿ. "ನೀವ ತೆಗೀರಲ್ಲ ಫೋಟೋ. ಅಜ್ಜಿ ಕೈ ಬಂದ್ರ ಛಂದ ಕಾಣತದ."

"ಫೋಟೋ ಅಲ್ರಿ. ವಿಡಿಯೋ."

"ಅಯ್ಯ, ಹಂಗಂದ್ರ ಇನ್ನೂ ಛಂದ."

ಕೈಗಳು ಒಂದೊಂದಾಗಿ ಎದ್ದವು. ಕಡೆಯದಾಗಿ ಎದ್ದದ್ದು ಶುಭಾಂಗಿಯದು. ಕೌದಿಯ ಮೇಲೆ ಕೂಸು ಒಂದು ಕ್ಷಣ ತಾನೊಂದೇ ಉಳಿಯಿತು. ಹನ್ನೊಂದನೆಯ ಸೆಕೆಂಡಿಗೆ ಗುರುಬಾಯಿ ನಾಲಿಗೆಯಿಂದ ಟಕ್ ಟಕ್ ಸದ್ದು ಮಾಡಿ, "ಶುಬ್ಬ್ಯಾ, ಅಪ್ಪನ ಕಡಿ ನೋಡಲೇ" ಎಂದಳು. ಕೂಸು ಅವಳ ಕಡೆ ತಿರುಗಿತು. ಯೋಗಿರಾಜ ಚಿತ್ರೀಕರಣ ನಿಲ್ಲಿಸಿದ.

ಡಾಕ್ಟರಬಾಯಿ ಶ್ರದ್ಧಾ ಕೊಟ್ಟ ಚೀಟಿ ಅವನ ಅಂಗಿಯ ಕಿಸೆಯಲ್ಲಿತ್ತು. ಮೂರು ವಾರದಿಂದ ಅಲ್ಲಿತ್ತು. ಅಂಗಿ ಬದಲಾದಂತೆ ಕಿಸೆ ಬದಲಾಗಿತ್ತು, ಚೀಟಿ ಅದೇ. ಕೂಸು ಅಂಗಾತ ಮಲಗಿರಬೇಕು. ಎಚ್ಚರವಿರಬೇಕು. ಅಳಬಾರದು. ಮೈಮೇಲೆ ಲಂಗೋಟಿಯಷ್ಟೇ. ಕೈಯಲ್ಲಿ, ಬಾಯಲ್ಲಿ ಏನೂ ಇರಬಾರದು. ಯಾರೂ ಮಾತಾಡಿಸಬಾರದು. ಚೌಕಟ್ಟಿನೊಳಗೆ ಯಾರೂ ಇರಬಾರದು. ಮೂರು ನಿಮಿಷ.

ಚೌಕಟ್ಟಿನೊಳಗೆ ಎಂಬ ಮಾತಿನ ಕೆಳಗೆ ಆಕೆ ಎರಡು ಗೆರೆ ಎಳೆದಿದ್ದರು. ಈ ಭಾಗದ ಮನೆಗಳು ಅವರಿಗೆ ಗೊತ್ತಿದ್ದವು.

ಕೂಸು ಎರಡು ತಿಂಗಳು ಮೊದಲೇ ಹುಟ್ಟಿತ್ತು. ಇಪ್ಪತ್ತಾರು ದಿನ ಸೊಲ್ಲಾಪುರದ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿತ್ತು. ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ 'ಶುಭಾಂಗಿಯ ಮಗು' ಎಂದಿತ್ತು. ಆಮೇಲೆ ಅದನ್ನು ಶುಭಾಂಗಿಯ ತವರು ಅಕ್ಕಲಕೋಟಕ್ಕೆ ಕರೆತಂದು ಶುಭಂ ಎಂದು ಹೆಸರಿಟ್ಟರು. ಹೆಸರಿಡುವಾಗ ಯಾರೂ ಹೆಚ್ಚು ಯೋಚಿಸಿರಲಿಲ್ಲ. ಹೀಗೆ ಹುಟ್ಟಿದ ಕೂಸಿಗೆ ಎರಡು ವಯಸ್ಸು. ಮನೆಯವರ ಲೆಕ್ಕದಲ್ಲಿ ಅದಕ್ಕೀಗ ಆರೂವರೆ ತಿಂಗಳು. ಡಾಕ್ಟರಬಾಯಿಯ ಲೆಕ್ಕ ಹೆರಿಗೆಗೆ ಕೊಟ್ಟಿದ್ದ ತಾರೀಕಿನಿಂದ ಶುರುವಾಗುತ್ತಿತ್ತು, ಅದರಂತೆ ನಾಲ್ಕೂವರೆ.

"ಈ ವಯಸ್ಸಿನಾಗ ಕೂಸ ಸುಮ್ಮ ಮಲಗಿದ್ರೂ ಸುಮ್ಮ ಇರಂಗಿಲ್ರಿ," ಎಂದಿದ್ದರು ಆಕೆ. "ಕುತಗಿ, ಮುಂಗೈ, ಕಾಲಿನ ಹರಡ, ಎಲ್ಲಾ ಕಡಿ ಸಣ್ಣ ಸಣ್ಣದ ಒಂದ ಚಲನಾ ಇರತದ. ಒಲಿ ಮ್ಯಾಲ ಎಸರ ಕುದಿತದಲ್ಲ, ಹಂಗ. ಅದ ಇದ್ರ ನಿಶ್ಚಿಂತಿ. ಇಲ್ಲಂದ್ರ ಮೆದುಳಿಗೆ ಪೆಟ್ಟಾಗಿರಬಹುದು."

"ಅಂದ್ರ?"

"ಸೆರೆಬ್ರಲ್ ಪಾಲ್ಸಿ. ಆಗ್ಯದ ಅಂತ ಹೇಳಾಕತ್ತಿಲ್ಲ ಸರ್. ನೋಡೂಣು ಅಂತ ಹೇಳಾಕತ್ತೀನಿ. ಈಗ ತಿಳದ್ರ ಕೈಗೆ ಕಾಲಿಗೆ ಈಗಿಂದನ ಕಲಸಾಕ ಶುರು ಮಾಡಬಹುದು. ಮೊದಲ ವರ್ಷ ಎರಡ ವರ್ಷ ಕಾಯತಿದ್ರು. ಕಾದ ಕಾದ ಕೂಸಿನ ನಸೀಬ ಅಂತಿದ್ರು."

"ಮುಂದಿನ ತಿಂಗಳ ತಂದ್ರ?"

"ಐದ ತಿಂಗಳ ಹತ್ರ ಬಂದಂಗ ಆ ಎಸರ ತಾನ ಆರತದ. ಎಲ್ಲಾ ಕೂಸಿನಾಗೂ ಆರತದ. ಆಮ್ಯಾಲ ಇತ್ತೋ ಇಲ್ಲೋ ಗೊತ್ತಾಗಂಗಿಲ್ಲ."

ಯೋಗಿರಾಜ ತಲೆಯಾಡಿಸಿದ್ದ. ಅವನು ಸೊಲ್ಲಾಪುರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ, ಪಾಠ ಮಾಡಿದ ತಾಸಿಗಷ್ಟೇ ಪಗಾರ. ಅಲುಗದಂತೆ ಕಾಣುವ ವಸ್ತುವಿನೊಳಗೂ ಕಣಗಳು ಕಂಪಿಸುತ್ತಿರುತ್ತವೆ ಎಂದು ವರ್ಷಕ್ಕೊಮ್ಮೆ ಮರಾಠಿಯಲ್ಲಿ ಹೇಳುತ್ತಿದ್ದ. ಡಾಕ್ಟರಬಾಯಿಯ ಮಾತು ಅವನಿಗೆ ಪೂರ್ತಿ ಅರ್ಥವಾಗಿತ್ತು. ಅರ್ಥವಾದ್ದರಿಂದಲೇ ಮೊದಲನೆಯ ಭಾನುವಾರ ಪರೀಕ್ಷೆಯ ಪೇಪರು ತಿದ್ದುವುದಿತ್ತು. ಎರಡನೆಯ ಭಾನುವಾರ ತಲೆನೋವಿತ್ತು. ಮೂರನೆಯ ಭಾನುವಾರ ಏನೂ ಇರಲಿಲ್ಲ. ಸೊಲ್ಲಾಪುರದ ಬಸ್ ಸ್ಟ್ಯಾಂಡಿನ ತನಕ ಹೋಗಿ, ಅಕ್ಕಲಕೋಟದ ಬಸ್ಸು ತುಂಬುವುದನ್ನು ನೋಡಿ, ಚಹಾ ಕುಡಿದು ಮನೆಗೆ ಬಂದಿದ್ದ.

ಈವತ್ತು ನಾಲ್ಕನೆಯದು. ತಾಯಿ ಜೊತೆಗೆ ಹೊರಟು ನಿಂತಿದ್ದರಿಂದ ಬಸ್ಸು ಹತ್ತಲೇಬೇಕಾಯಿತು.

ಎರಡನೆಯ ಸಲ ನಲವತ್ತೊಂದು ಸೆಕೆಂಡು ನಡೆಯಿತು. ಯೋಗಿರಾಜ ಉಸಿರು ಬಿಗಿಹಿಡಿದಿದ್ದ. ಆಗ ಪರದೆಯ ಎಡಗಡೆಯಿಂದ ಒಂದು ಬಿಳಿ ಬಟ್ಟೆ ಮೆಲ್ಲಗೆ ಹರಿದು ಬಂದು ಕೂಸಿನ ಹೊಟ್ಟೆ ಮುಚ್ಚಿತು.

"ಯವ್ವಾ."

"ಬತ್ತಲ ಅದಾನಲ್ಲೋ," ಎಂದಳು ಸಾವಿತ್ರಿಬಾಯಿ. "ಡಾಕ್ಟರಬಾಯಿ ಏನ ಅಂದಾಳು. ಇವರ ಮನ್ಯಾಗ ಅರಿವಿ ಇಲ್ಲೇನ ಅಂದಾಳು. ಚಾದರ ಮಾರೂ ಮಂದಿ ನಾವು."

"ಅವರ ಹೇಳ್ಯಾರ ಅರಿವಿ ಬ್ಯಾಡಂತ."

"ಹೇಳತಾರ. ಅವರದೇನ ಹೋಗತದ."

"ಬೀಗತೇರು ಅನ್ನೂದ ಖರೇ ಅದ ನೋಡ್ರಿ," ಎಂದಳು ಗುರುಬಾಯಿ. ಎರಡು ತಾಸಿನಲ್ಲಿ ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದು. "ಮೊಬೈಲದಾಗ ಹೋದ ಕೂಸ ಯಾರ್ಯಾರ ಕಣ್ಣಿಗೆ ಬೀಳತದೋ. ನಾ ಕಪ್ಪ ಹಚ್ಚತೀನಿ, ತಡೀರಿ. ಕೆನ್ನಿಗೊಂದ, ಅಂಗಾಲಿಗೊಂದ."

ಕಪ್ಪು ಹಚ್ಚಲು ಎತ್ತಿಕೊಂಡ ಕೂಸು ಒಂದು ತಾಸು ಕೆಳಗಿಳಿಯಲಿಲ್ಲ. ಗುರುಬಾಯಿಯ ತೊಡೆಯಿಂದ ಸಾವಿತ್ರಿಬಾಯಿಯ ತೊಡೆಗೆ, ಅಲ್ಲಿಂದ ಅಜ್ಜನ ಹೆಗಲಿಗೆ. ಯೋಗಿರಾಜ ಗೋಡೆಗೆ ಒರಗಿ ಪ್ಲಾಸ್ಟಿಕ್ ಖುರ್ಚಿಯಲ್ಲಿ ಕೂತಿದ್ದ. ಹೊರಗೆ ಸ್ವಾಮಿಯ ಗುಡಿಗೆ ಹೊರಟ ಪರಸ್ಥಳದ ಗಾಡಿಗಳು ಓಣಿಯಲ್ಲಿ ಸಿಕ್ಕು ಹಾರ್ನ್ ಹೊಡೆಯುತ್ತಿದ್ದವು. ಈ ಮನೆಯಲ್ಲಿ ಯಾರನ್ನೂ ಒಂಟಿ ಬಿಡುವುದಿಲ್ಲ ಎಂದುಕೊಂಡ. ಯಾರನ್ನೂ ನೋಡುವುದೂ ಇಲ್ಲ.

ನೋಡಿದ್ದರೆ ಕಾಣುತ್ತಿತ್ತು. ಕೂಸಿನ ಬಲಗೈ ಅಜ್ಜನ ಮೀಸೆ ಹಿಡಿಯಲು ಹೋಗುತ್ತಿತ್ತು, ಬೀಳುತ್ತಿತ್ತು, ಮತ್ತೆ ಹೋಗುತ್ತಿತ್ತು. ಎಡಗೈ ಎದೆಗೆ ಅಂಟಿಕೊಂಡು ಮುಷ್ಟಿಯಾಗಿತ್ತು. ಹೆಬ್ಬೆರಳು ಮುಷ್ಟಿಯ ಒಳಗೆ.

"ಹ್ಯಾಂಗ ಹಿಡದಾನ ನೋಡ್ರಿ ಅಳಿಯಾರ," ಎಂದ ನಿಂಗಣ್ಣ. ಅವನಿಗೆ ಕುರನೂರದಲ್ಲಿ ಅಣೆಕಟ್ಟೆಯ ಕೆಳಗೆ ಕಬ್ಬಿನ ಹೊಲವಿತ್ತು. ಬೆಳಿಗ್ಗೆಯೇ ಗಾಡಿಯ ಮೇಲೆ ಹೋಗಿ ಸೊಪ್ಪು ತಂದಿದ್ದ. "ಎಡಗೈಯಾಗ ಲಕ್ಷ್ಮೀನ್ನ ಗಪ್ಪನ ಹಿಡಕೊಂಡಾನ. ಬಿಡಂಗಿಲ್ಲ. ಬಲಗೈ ಬಿಟ್ಟ ಬ್ಯಾರೆ ಕೈ ಮುಂದ ಮಾಡಂಗಿಲ್ಲ. ನಮ್ಮ ಹೊಲಕ್ಕ ಬರೂ ಹೆಣ್ಣಾಳ ಅಂತಾವು, ವ್ಯಾಪಾರಸ್ಥರ ಕೂಸ ಅದು, ಗಳಸೂದ ಗೊತ್ತದ ಅಂತ."

"ನಮ್ಮ ಬೀಜ," ಎಂದಳು ಸಾವಿತ್ರಿಬಾಯಿ.

"ಬೀಜ ನಿಮ್ಮದ, ಆದ್ರ ಮಣ್ಣ ನಮ್ಮದರೀ ಬಾಯಿ."

"ಮಣ್ಣಿಗೇನ ಗೊತ್ತರೀ ಬಲಗಡಿ ಎಡಗಡಿ." ಅವಳು ಸೆರಗು ಸರಿಮಾಡಿಕೊಂಡು ಕೂತಳು. ಯೋಗಿರಾಜನಿಗೆ ಮುಂದಿನದು ಗೊತ್ತಿತ್ತು. ಎದ್ದು ಹೋಗಬಹುದಿತ್ತು; ಹೋಗಲಿಲ್ಲ. "ಈ ಕೂಸಿನ ಅಪ್ಪ ಸಣ್ಣಾಂವಿದ್ದಾಗ ರೊಡ್ಡಗೈಯಾಂವ ಇದ್ದ, ಗೊತ್ತೇನ್ರಿ ನಿಮಗ? ಎಲ್ಲಾ ಎಡಗೈಲೆ. ಉಣ್ಣೂದ ಎಡಗೈಲೆ, ತೀರ್ಥ ತಗೊಳ್ಳೂದ ಎಡಗೈಲೆ. ಅಂಗಡ್ಯಾಗ ಕೂತ್ರ ಗಿರಾಕಿಗೆ ಎಡಗೈಲೆ ಚಾದರ ಕೊಡಾಂವ. ಒಂದಿನ ಒಬ್ಬ ಮಾರವಾಡಿ ಕೊಟ್ಟ ಚಾದರ ಅಲ್ಲೇ ಬಿಟ್ಟ ಎದ್ದ ಹೋದ. ನಮ್ಮ ಮಾವಾರು ಬಂದ ಒಂದ ಮಾತ ಅಂದ್ರು, ಇವಗ ಕೈ ಕಲಸ ಅಂತ."

"ಹ್ಯಾಂಗ ಕಲಿಸಿದ್ರಿ?" ಎಂದ ನಿಂಗಣ್ಣ.

"ಕಟ್ಟಿದೆ. ಟಾವೆಲ್ ಹರದ ಎಡಗೈ ಉಡದಾರಕ್ಕ ಕಟ್ಟಿದೆ. ಮುಂಜಾನಿ ಕಟ್ಟೂದು, ಸಂಜಿಗೆ ಬಿಚ್ಚೂದು. ಎಂಟ ತಿಂಗಳ." ಅವಳು ಕೂಸಿನ ಮುಷ್ಟಿಯನ್ನು ತೋರುಬೆರಳಿನಿಂದ ಸವರಿದಳು. "ಅಪ್ಪಗ ನಾ ಕಲಸಿದ್ದ ಮಗಾ ಹೊಟ್ಯಾಗ ಕಲತ ಬಂದಾನ."

ಎಲ್ಲರೂ ನಕ್ಕರು. ಶುಭಾಂಗಿ ನಗಲಿಲ್ಲ. ಅವಳು ನಗದಿದ್ದುದನ್ನು ಯೋಗಿರಾಜ ನೋಡಿದ, ಅವನು ನೋಡಿದ್ದನ್ನು ಅವಳು ನೋಡಿದಳು. ಇಬ್ಬರೂ ಬೇರೆ ಕಡೆ ತಿರುಗಿದರು.

ಕಟ್ಟಿದ್ದು ಅವನಿಗೆ ನೆನಪಿತ್ತು. ನೋವಿನ ನೆನಪಲ್ಲ. ಸಂಜೆ ಬಿಚ್ಚಿದ ಮೇಲೆ ಕೈ ಬಂದು ತೊಡೆಯ ಮೇಲೆ ಮಲಗುತ್ತಿತ್ತು, ಊರಿಂದ ಬಂದ ಯಾರೋ ದೂರದ ಸಂಬಂಧಿಕನಂತೆ. ಅದರ ಜೊತೆ ಏನು ಮಾತಾಡಬೇಕೋ ಅವನಿಗೆ ತಿಳಿಯುತ್ತಿರಲಿಲ್ಲ. ಈಗ ಕಾಲೇಜಿನ ಹಲಗೆಯ ಮೇಲೆ ಬರೆಯುವುದು ಬಲಗೈ. ಅಳಿಸುವುದು ಎಡಗೈ. ಹುಡುಗರು ಅದನ್ನು ಗಮನಿಸಿ ಹಿಂದಿನ ಬೆಂಚಿನಲ್ಲಿ ನಗುತ್ತಿದ್ದರು; ಬರೆಯುವುದು ಮುಗಿಯುವ ಮೊದಲೇ ಸರ್ ಅಳಿಸಾಕ ಶುರು ಮಾಡ್ತಾರ ಅಂತ.

ಊಟಕ್ಕೆ ಜೋಳದ ಭಕ್ಕರಿ, ಶೇಂಗಾ ಚಟ್ನಿ, ಹೊಲದ ಸೊಪ್ಪಿನ ಪಲ್ಯ. ನಿಂಗಣ್ಣ ಕಬ್ಬಿನ ಬಗ್ಗೆ, ಕಾರ್ಖಾನೆಯ ಬಗ್ಗೆ, ಜಾವಳದ ಬಗ್ಗೆ ಮಾತಾಡಿದ. ಮುಂದಿನ ತಿಂಗಳು ಕೂಸಿನ ಜಾವಳ ತೆಗೆಸಬೇಕು, ಸೋದರಮಾವ ಪುಣೆಯಿಂದ ಬರಬೇಕು, ಅವನ ತೊಡೆಯ ಮೇಲೆ ಕೂಸನ್ನು ಕೂರಿಸಬೇಕು.

"ಕೂತಾನ ಹೇಳ್ರಿ ಅಷ್ಟೊತ್ತಿಗೆ," ಎಂದಳು ಗುರುಬಾಯಿ. "ಕುತಗಿ ಒಂದೀಟ ಹಗರ ಅದ. ಎಣ್ಣಿ ಹಚ್ಚಿ ತಿಕ್ಕಾಕತ್ತೀನಿ ದಿನಾ. ಎಡಗೈ ಬಿಡಸಾಕ ಹೋದ್ರ ಅಳತಾನ, ಅದಕ್ಕ ಅದೊಂದ ಬಿಟ್ಟ ಬಿಡತೀನಿ."

"ಅದೊಂದ ಬಿಟ್ಟ," ಎಂದ ಯೋಗಿರಾಜ.

"ಹೂಂ ಮತ್ತ. ಹಿಡಕೊಂಡಿದ್ದ ಯಾಕ ಬಿಡಸಬೇಕು?"

ಅವನು ಭಕ್ಕರಿ ಮುರಿದ. ಈಗ ಹೇಳಬಹುದು. ಅದು ಲಕ್ಷ್ಮಿ ಅಲ್ಲ, ಈ ವಯಸ್ಸಿನ ಕೂಸಿಗೆ ಬಲಗೈ ಎಡಗೈ ಎಂಬ ಭೇದವೇ ಇರಬಾರದು, ಎರಡೂ ಒಂದೇ ಸಮ ಆಡಬೇಕು, ಒಂದು ಕೈ ಜಾಣ ಅನ್ನಿಸಿದರೆ ಇನ್ನೊಂದಕ್ಕೆ ಏನೋ ಆಗಿದೆ ಎಂದರ್ಥ. ವಾಕ್ಯ ಬಾಯಿಯಲ್ಲಿ ಪೂರ್ತಿ ತಯಾರಿತ್ತು. ಮರಾಠಿಯಲ್ಲಿ ತಯಾರಿತ್ತು. ಕನ್ನಡದಲ್ಲಿ ಅದು ತನ್ನ ಅವ್ವನಿಗೆ ಹೇಳುವ ಮಾತಾಗುತ್ತಿತ್ತು.

"ಚಟ್ನಿ ಹಾಕಲೇನ್ರಿ?" ಎಂದಳು ಗುರುಬಾಯಿ.

"ಹಾಕ್ರಿ," ಎಂದ.

ಹಿತ್ತಿಲಲ್ಲಿ ಲಂಗೋಟಿಗಳು ಒಣಗುತ್ತಿದ್ದವು. ಮಾರ್ಚಿನ ಬಿಸಿಲು, ಹಾಕಿದ ಅರ್ಧ ತಾಸಿಗೇ ಹಪ್ಪಳದ ಹಾಗೆ ಸೆಟೆದು ನಿಂತಿದ್ದವು. ಶುಭಾಂಗಿ ಒಂದೊಂದನ್ನೇ ತೆಗೆದು ಮಡಚುತ್ತಿದ್ದಳು. ಕೈ ತೊಳೆಯಲು ಬಂದ ಅವನು ಅಲ್ಲೇ ನಿಂತ. ಅವರಿಬ್ಬರೇ ಒಂದೆಡೆ ನಿಂತು ಎಷ್ಟು ದಿನವಾಗಿತ್ತೋ.

"ನೀ ಕಳಸೂ ವಿಡಿಯೋದಾಗ ಎಡಗಡಿ ಯಾವಾಗಲೂ ಕೌದಿ ಇರತದ," ಎಂದ.

"ಥಂಡಿ ಇತ್ತು."

"ಈಗ ಮಾರ್ಚ ಅದ."

ಅವಳು ಇನ್ನೊಂದು ಲಂಗೋಟಿ ಮಡಚಿದಳು. "ನೀವೂ ಕೇಳಲಿಲ್ಲ."

"ಏನ?"

"ಏನಿಲ್ಲ."

ಒಳಗಿನಿಂದ ಗುರುಬಾಯಿಯ ಜೋಗುಳ ಕೇಳುತ್ತಿತ್ತು. ಅದರ ನಡುವೆ ಸಾವಿತ್ರಿಬಾಯಿ ಬೇರೆಯೇ ಒಂದು ಜೋಗುಳ ಶುರುಮಾಡಿದ್ದಳು.

"ಆ ಚೀಟಿ ಮೂರ ವಾರದಿಂದ ಕಿಸೇದಾಗ ಇಟಗೊಂಡ ತಿರಗಾಕತ್ತೀರಿ," ಎಂದಳು ಶುಭಾಂಗಿ, ಬಟ್ಟೆಯ ಕಡೆ ನೋಡುತ್ತ. "ಡಾಕ್ಟರಬಾಯಿ ನನಗೂ ಫೋನ ಮಾಡಿದ್ರು."

"ಯಾವಾಗ?"

"ಹೋದ ಸೋಮವಾರ. ಅದರ ಹಿಂದಿನ ಸೋಮವಾರ."

"ಮತ್ತ ನೀನ ತೆಗದ ಕಳಸಬೇಕಿತ್ತಲ್ಲ."

"ತೆಗದೆ." ಅವಳು ಮಡಚಿದ ಬಟ್ಟೆಗಳನ್ನು ಎದೆಗೆ ಅವುಚಿಕೊಂಡಳು. "ಹನ್ನೊಂದ ಸಲ ತೆಗದೆ. ಅವ್ವ ಮಲಗಿದಾಗ, ಗುಡಿಗೆ ಹೋದಾಗ. ಮೂರ ಮಿನಿಟ ಆಗೂತನಾ ನಿಂದ್ರಾಕ ಆಗವಲ್ದು ನನಗ. ಅವ ನನ್ನ ಕಡಿ ನೋಡತಾನ. ತುಟಿ ಹಿಂಗ ಮಾಡತಾನ. ಎತಗೊಂಡ ಬಿಡತೀನಿ." ಬಟ್ಟೆಗಳನ್ನು ಸರಿಮಾಡಿಕೊಂಡು ಅಂದಳು, "ನಿಮ್ಮ ಕೈಲೆ ಆಗತದ. ನೀವ ತೆಗೀರಿ."

ಅದು ಬೈಗುಳವಾಗಿರಲಿಲ್ಲ. ಬೈಗುಳವಾಗಿದ್ದರೆ ಉತ್ತರ ಕೊಡಬಹುದಿತ್ತು. ಯಾರಿಗಾದರೂ ನೀವ ಎತ್ತರ ಅದೀರಿ, ಆ ಡಬ್ಬಿ ಇಳಿಸಿ ಕೊಡ್ರಿ ಎನ್ನುವ ಹಾಗೆ ಹೇಳಿದ್ದಳು.

"ನಾ ಅವನ್ನ ಎತಗೊಂಡಿಲ್ಲ ಅಂತೇನು," ಎಂದ.

"ಎತಗೊಂಡೀರೇನು?"

ಗಾಜಿನ ಪೆಟ್ಟಿಗೆಯ ದಿನಗಳಲ್ಲಿ ಮುಟ್ಟಬಾರದು ಎಂದಿದ್ದರು. ಆಮೇಲೆ ಮುಟ್ಟಬಹುದು ಎಂದಾಗ ಕೂಸು ಅಕ್ಕಲಕೋಟಕ್ಕೆ ಬಂದಿತ್ತು. ಬಂದಾಗಲೆಲ್ಲ ಯಾರದೋ ತೊಡೆಯ ಮೇಲಿರುತ್ತಿತ್ತು. ಇವೆಲ್ಲ ಸರಿಯಾದ ಕಾರಣಗಳಾಗಿದ್ದವು. ಅವನು ನಲ್ಲಿ ತಿರುಗಿಸಿ ಮತ್ತೊಮ್ಮೆ ಕೈ ತೊಳೆದ.

"ಒಂದ ಹೇಳತೀನಿ," ಎಂದಳು ಅವಳು. "ತೆಗದದ್ದ ಇಲ್ಲಿಂದ ಕಳಸಬ್ಯಾಡ್ರಿ. ಸೊಲ್ಲಾಪುರಕ್ಕ ಹೋಗಿ ಕಳಸ್ರಿ. ಅತ್ತಿಯಾರ ಇನ್ನೂ ನಮ್ಮ ಬೀಜ ಅನ್ನಾಕತ್ತಾರ. ಏನರೆ ಹೆಚ್ಚುಕಡಿಮಿ ಅಂತ ಬಂತಂದ್ರ ನನ್ನ ಹೊಟ್ಟಿ ಅಂತಾರ. ಎರಡ ತಿಂಗಳ ಮೊದಲ ಹಡದಾಕಿ ನಾನ ಅಲ್ಲ? ಈವತ್ತೊಂದ ದಿನಾ ಅವ ಲಕ್ಷ್ಮೀನ್ನ ಹಿಡಕೊಂಡಾಂವನ ಇರಲಿ."

"ಹೂಂ," ಎಂದ.

ಮಧ್ಯಾಹ್ನ ಮೂರಕ್ಕೆ ಮನೆ ಮಲಗಿತು. ಬೀಗತಿಯರಿಬ್ಬರೂ ನಡುಮನೆಯ ಫ್ಯಾನಿನ ಕೆಳಗೆ, ಒಬ್ಬರಿಗೊಬ್ಬರು ಬೆನ್ನು ಕೊಟ್ಟು. ನಿಂಗಣ್ಣ ಕಟ್ಟೆಯ ಮೇಲೆ, ಮುಖದ ಮೇಲೆ ಟೊಪ್ಪಿಗೆ. ಶುಭಾಂಗಿ ಹಾಲು ಕುಡಿಸಿದ ಕೂಸನ್ನು ಒಳಕೋಣೆಯ ಚಾಪೆಯ ಮೇಲೆ ಮಲಗಿಸಿ, ಲಂಗೋಟಿಯ ಗಂಟು ಸಡಿಲಿಸಿ, ಹೊರಗೆ ಹೋಗಿ ಬಾಗಿಲೆಳೆದುಕೊಂಡಳು. ಬಾಗಿಲ ಆಚೆ ನಿಂತಳು. ಅವಳು ನಿಂತದ್ದು ಬಾಗಿಲ ಕೆಳಗಿನ ಬೆಳಕಿನ ಗೆರೆಯಲ್ಲಿ ಎರಡು ಕಪ್ಪು ತುಂಡುಗಳಾಗಿ ಕಾಣುತ್ತಿತ್ತು.

ಕೋಣೆಯಲ್ಲಿ ಅವನು, ಕೂಸು, ಮೊಬೈಲು. ಆರೂವರೆ ತಿಂಗಳಲ್ಲಿ ಮೊದಲ ಸಲ. ಅವನಿಗೆ ಒಂದು ಕ್ಷಣ ತಾನು ಪರಿಚಯ ಹೇಳಿಕೊಳ್ಳಬೇಕೇನೋ ಅನಿಸಿತು.

ಒತ್ತಿದ. ಕೆಂಪು ಚುಕ್ಕೆ ಹತ್ತಿತು. ಸೊನ್ನೆ, ಒಂದು, ಎರಡು.

ಪರದೆಯಲ್ಲಿ ಕೂಸು ಪೂರ್ತಿ ಕಂಡಿತು. ಕೆನ್ನೆಯ ಮೇಲೆ ಕಪ್ಪು, ಅಂಗಾಲಿನಲ್ಲಿ ಕಪ್ಪು. ಬಲಗಾಲು ಒದೆಯಿತು. ಇನ್ನೊಮ್ಮೆ ಒದೆಯಿತು. ಎಡಗಾಲು ಅದರ ಹಿಂದಿನಿಂದ, ಬೇಡದ ಕೆಲಸಕ್ಕೆ ಕರೆದವರಂತೆ ಹೊರಟು ಅರ್ಧಕ್ಕೇ ನಿಂತಿತು. ಎಸರು ಕುದಿಯುತ್ತಿದೆಯೇ ಎಂದು ಹುಡುಕಿದ. ಕುತ್ತಿಗೆಯಲ್ಲಿ, ಮಣಿಕಟ್ಟಿನಲ್ಲಿ, ಹರಡಿನಲ್ಲಿ. ಹುಡುಕಿದಷ್ಟೂ ತಿಳಿಯದಾಯಿತು. ಫ್ಯಾನಿನ ನೆರಳು ಮೈಮೇಲೆ ಹಾಯುತ್ತಿತ್ತು. ಅಲುಗುತ್ತಿದ್ದುದು ನೆರಳೋ ಕೂಸೋ.

ಒಂದು ನಿಮಿಷ.

ಬಲಗೈ ಮೇಲೆದ್ದಿತು. ಕಿವಿ ಮುಟ್ಟಿತು, ಗಾಳಿ ಮುಟ್ಟಿತು. ಆಮೇಲೆ ನಿಧಾನವಾಗಿ ಎದೆಯ ನಡುವಿಗೆ ಬಂದಿತು. ಅಲ್ಲಿ ಬೆರಳು ಬಿಚ್ಚಿಕೊಂಡು ನಿಂತಿತು, ಯಾರೋ ಬರುವವರಿದ್ದಾರೆ ಎಂಬಂತೆ. ಈ ವಯಸ್ಸಿನಲ್ಲಿ ಕೂಸುಗಳು ಎರಡೂ ಕೈಗಳನ್ನು ಎದೆಯ ಮೇಲೆ ತಂದು ಒಂದನ್ನೊಂದು ಹಿಡಿದು ಆಡುತ್ತವೆ ಎಂದು ಡಾಕ್ಟರಬಾಯಿ ಹೇಳಿದ್ದರು. ಬಲಗೈ ಕಾಯಿತು. ಎಡಗೈ ಬರಲಿಲ್ಲ. ಅದು ನಾಲ್ಕು ಬೆರಳು ಅಂತರದಲ್ಲೇ ಇತ್ತು, ಮುಷ್ಟಿ ಕಟ್ಟಿಕೊಂಡು, ತನ್ನನ್ನು ಯಾರೂ ಕರೆದಿಲ್ಲವೆಂಬಂತೆ. ಸ್ವಲ್ಪ ಹೊತ್ತಿನ ಮೇಲೆ ಬಲಗೈ ಚಾಪೆಯ ಮೇಲೆ ಬಿತ್ತು.

ಎರಡು ನಿಮಿಷ.

ಕೂಸು ಅವನ ಕಡೆ ನೋಡಿತು. ಮೊಬೈಲಿನ ಕಡೆಯಲ್ಲ, ಅದರ ಮೇಲಿನ ಮುಖದ ಕಡೆ. ನೋಡಿ ಏನೋ ಒಂದು ಸದ್ದು ಮಾಡಿತು. ಮಾತಾಡಿಸಬಾರದು ಎಂದು ಚೀಟಿಯಲ್ಲಿತ್ತು. ಅವನು ಮುಖವನ್ನು ಹಲಗೆಯಂತೆ ಇಟ್ಟುಕೊಂಡ. ಅದಕ್ಕಾಗಿ ಏನೂ ಕಷ್ಟಪಡಬೇಕಾಗಲಿಲ್ಲ ಎಂಬುದು ಅವನ ಗಮನಕ್ಕೆ ಬಂತು. ಕೂಸು ಮತ್ತೊಮ್ಮೆ ಸದ್ದು ಮಾಡಿ, ಕೇಳಿಸಿಲ್ಲವೇನೋ ಎಂಬಂತೆ ಕಾದು, ತುಟಿ ಹಾಗೆ ಮಾಡಿತು. ಹೆಂಡತಿ ಹೇಳಿದ ಹಾಗೆಯೇ.

ಮೂರು.

ಮುಗಿದಿತ್ತು. ಮೊಬೈಲು ಕೆಳಗಿಟ್ಟು ಎತ್ತಿಕೊಳ್ಳಬಹುದಿತ್ತು. ಅವನ ಹೆಬ್ಬೆರಳು ಅಲುಗಲಿಲ್ಲ. ಮೂರು ಹತ್ತು. ಮೂರು ಇಪ್ಪತ್ತೈದು. ಚಿತ್ರ ತೆಗೆಯುತ್ತಿರುವ ತನಕ ಇನ್ನೇನೂ ಮಾಡಬೇಕಾಗಿಲ್ಲ ಎಂದು ಅವನಿಗೆ ಹೊಳೆಯಿತು. ತೆಗೆಯುತ್ತಲೇ ಇದ್ದರೆ ಕೂಸಿಗೆ ಏನಾಗಿದೆ ಎಂದು ಯಾರೂ ಹೇಳಲಾರರು. ಎತ್ತಿಕೋ ಎಂದೂ ಯಾರೂ ಹೇಳಲಾರರು. ಹುಟ್ಟಿದಾಗಿನಿಂದ ತಾನು ಇಂಥದೇ ಒಂದು ನೆಪಕ್ಕಾಗಿ ಹುಡುಕುತ್ತಿದ್ದೆನೇನೋ ಅನಿಸಿತು. ಯಾರ ಹುಟ್ಟು, ತನ್ನದೋ ಅದರದೋ, ಸ್ಪಷ್ಟವಾಗಲಿಲ್ಲ.

ನಾಲ್ಕನೆಯ ನಿಮಿಷಕ್ಕೆ ಕೂಸು ಅತ್ತಿತು. ಬಾಗಿಲು ತೆರೆದು ಬಂದದ್ದು ಶುಭಾಂಗಿಯಲ್ಲ, ಗುರುಬಾಯಿ. ನಿದ್ದೆಗಣ್ಣಲ್ಲೇ ಕೂಸನ್ನು ಬಾಚಿ ಹೆಗಲಿಗೆ ಹಾಕಿಕೊಂಡಳು.

"ಅಪ್ಪ ಅನ್ನಾಂವ ಮಗ್ಗಲಕ ನಿಂತಾನ," ಎಂದಳು ಕೂಸಿಗೆ, ಅವನಿಗೆ ಕೇಳುವಂತೆ. "ಕಲ್ಲ ನಿಂತಂಗ ನಿಂತಾನ ನೋಡೋ ನಿಮ್ಮಪ್ಪ. ಗುಡ್ಯಾಗಿನ ಕಲ್ಲರೆ ಒಂದ ಹೂವ ಬೀಳಸತದ."

ಬಾಗಿಲ ಹೊರಗೆ ಶುಭಾಂಗಿ ಗೋಡೆಗೆ ಹಣೆ ಹಚ್ಚಿ ನಿಂತಿದ್ದಳು. "ಆತೇನ್ರಿ?" ಎಂದಳು.

"ಆತು."

"ಹ್ಯಾಂಗ ಅದ?"

"ಸ್ವಚ್ಛ ಬಂದದ."

ಅವಳು ಕೇಳಿದ್ದು ಅದನ್ನಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಬಸ್ಸು ಬೇಡ, ಸೊಂಟ ಹಿಡಿತದ ಎಂದು ಸಾವಿತ್ರಿಬಾಯಿ ಹಟ ಹಿಡಿದಳು. ನಿಂಗಣ್ಣ ಆಟೋದಲ್ಲಿ ಅಕ್ಕಲಕೋಟ ರೋಡ್ ಸ್ಟೇಷನ್ನಿಗೆ ಬಿಟ್ಟು ಹೋದ. ಪ್ಯಾಸೆಂಜರ್ ಗಾಡಿಯಲ್ಲಿ ಕಿಟಕಿಯ ಸೀಟು ಸಿಕ್ಕಿತು. ಸಾವಿತ್ರಿಬಾಯಿ ಅವನ ಎಡಕ್ಕೆ ಕೂತಳು. ಎದುರಿಗೆ ಒಬ್ಬ ಮುದುಕ, ತೊಡೆಯ ಮೇಲೆ ಪ್ರಸಾದದ ಚೀಲ.

"ತೋರಸು, ಏನ ತೆಗದಿ," ಎಂದಳು ತಾಯಿ.

ಅವನು ತೋರಿಸಿದ. ಅವಳು ಮೊಬೈಲನ್ನು ಬಲಗೈಯಲ್ಲಿ ಹಿಡಿದು, ದೂರ ಮಾಡಿ, ಹತ್ತಿರ ಮಾಡಿ ನೋಡಿದಳು.

"ಎಷ್ಟ ಶಾಣ್ಯಾ ಆಗಿ ಮಲಗ್ಯಾನ. ಅಳೂದಿಲ್ಲ ಕರಿಯೂದಿಲ್ಲ. ನೋಡ, ನೋಡ, ಬಲಗೈ ಹ್ಯಾಂಗ ಎತ್ತಿದ. ನಮಸ್ಕಾರ ಮಾಡಾಕತ್ತಾನೇನ ನನಗ."

ಒಂದು ಕೈಯ ನಮಸ್ಕಾರ. ಅವನು ಕಿಟಕಿಯ ಆಚೆ ನೋಡಿದ. ಕೊಯ್ದ ಜೋಳದ ಹೊಲಗಳು, ಒಂದೊಂದು ಬೇವಿನ ಮರ.

ಎದುರಿನ ಮುದುಕ ಬಾಗಿ ಇಣುಕಿದ. "ಯಾರ ಕೂಸರೀ ಬಾಯಿ?"

"ಮೊಮ್ಮಗ."

ಮುದುಕ ಸ್ವಲ್ಪ ಹೊತ್ತು ನೋಡಿದ. ಅವನ ಮುಖದಲ್ಲಿ ಏನೋ ಸರಿಕಾಣಲಿಲ್ಲ ಎನ್ನುವ ಭಾವ ಬಂತು. "ಹತ್ರ ಯಾರೂ ಇಲ್ಲೇನ್ರಿ?"

"ಯಾಕಿಲ್ರಿ. ಅವರಪ್ಪ ಅದಾನ. ಇವನ ತೆಗದಾನ."

"ಕಾಣವಲ್ರಲ್ಲ."

"ತೆಗಿಯಾಂವ ಹ್ಯಾಂಗ ಕಾಣಸತಾನ್ರಿ ಯಜಮಾನ್ರ?" ಸಾವಿತ್ರಿಬಾಯಿ ನಕ್ಕಳು. ಮುದುಕ ನಗಲಿಲ್ಲ. ಚೀಲ ಬಿಚ್ಚಿ ಇಬ್ಬರಿಗೂ ಒಂದೊಂದು ಚಿಟಿಕೆ ಸಕ್ಕರೆ ಕೊಟ್ಟ. ಯೋ‌ಗಿರಾಜ ಬಲಗೈ ಚಾಚಿದ.

ಸ್ವಲ್ಪ ದೂರ ಹೋಗುವುದರಲ್ಲಿ ಅವಳಿಗೆ ನಿದ್ದೆ ಬಂತು. ಅವನ ಎಡತೋಳಿನ ಮೇಲೆ ಪೂರ್ತಿ ಭಾರ ಹಾಕಿ, ಬಾಯಿ ತೆರೆದು ಮಲಗಿದಳು.

ಹೋಟಗಿಯಲ್ಲಿ ಗಾಡಿ ನಿಂತಿತು. ಎದುರಿನಿಂದ ಬರುವ ಗಾಡಿಗೆ ದಾರಿ ಬಿಡಬೇಕಂತೆ. ಎಷ್ಟು ಹೊತ್ತೋ ಯಾರಿಗೂ ಗೊತ್ತಿರಲಿಲ್ಲ. ಮುದುಕ ಇಳಿದು ಹೋದ. ಡಬ್ಬಿಯಲ್ಲಿ ಫ್ಯಾನು ನಿಂತಿತು. ಸಂಜೆಯ ಬಿಸಿಲು ಅಡ್ಡವಾಗಿ ಬಿದ್ದು, ಖಾಲಿ ಸೀಟುಗಳು ಕೆಂಪಗೆ ಕಂಡವು.

ಸೊಲ್ಲಾಪುರ ಇಲ್ಲಿಂದ ಹದಿನೈದು ನಿಮಿಷ. ಸೊಲ್ಲಾಪುರಕ್ಕೆ ಹೋಗಿ ಕಳಿಸಬೇಕು. ಆದರೆ ಸೊಲ್ಲಾಪುರದಲ್ಲಿ ಮನೆಯಿತ್ತು. ಮನೆಯಲ್ಲಿ ತನ್ನ ಕೋಣೆಯಿತ್ತು, ನಾಳೆಯ ಪಾಠವಿತ್ತು, ಮುಂದಿನ ಭಾನುವಾರವಿತ್ತು. ಅಲ್ಲಿ ಮುಟ್ಟಿದರೆ ತಾನು ಕಳಿಸುವುದಿಲ್ಲ ಎಂಬುದು ಅವನಿಗೆ ಬೇರೆ ಯಾವುದಕ್ಕಿಂತಲೂ ಖಚಿತವಾಗಿತ್ತು. ಎಸರು ಆರುತ್ತದೆ. ಇತ್ತೋ ಇಲ್ಲವೋ ಆಮೇಲೆ ತಿಳಿಯುವುದಿಲ್ಲ. ಯಾರಿಗೂ ತಿಳಿಯುವುದಿಲ್ಲ. ಕೂಸು ಲಕ್ಷ್ಮಿಯನ್ನು ಹಿಡಿದುಕೊಂಡೇ ವರ್ಷ ತುಂಬುತ್ತದೆ, ಎರಡು ವರ್ಷ ತುಂಬುತ್ತದೆ.

ಡಾಕ್ಟರಬಾಯಿಯ ಹೆಸರು ಹುಡುಕಿದ. ಅವರ ಕಡೆಯ ಮೆಸೇಜು ಎಂಟು ದಿನದ ಹಿಂದಿನದು: 'ಸರ್, ವಿಡಿಯೋ?' ಅದರ ಕೆಳಗೆ ತನ್ನದು ಏನೂ ಇರಲಿಲ್ಲ. ಚಿತ್ರ ಆರಿಸಿದ. ಒತ್ತಿದ.

ಪರದೆಯ ಮೇಲೆ ಕೂಸಿನ ಸಣ್ಣ ಚಿತ್ರ ಬಂತು, ಮಸುಕಾಗಿ. ಅದರ ನಡುವೆ ಒಂದು ದುಂಡು ಗೆರೆ ಸುತ್ತತೊಡಗಿತು. ಕಾಲು ಭಾಗ ತುಂಬಿತು. ಅರ್ಧ ತುಂಬಿತು. ನಿಂತಿತು.

ನೆಟ್‌ವರ್ಕಿನ ಕಡ್ಡಿಗಳು ಒಂದಕ್ಕೆ ಇಳಿದಿದ್ದವು. ಮೊಬೈಲನ್ನು ಕಿಟಕಿಯ ಸರಳಿಗೆ ಹಿಡಿದ. ದುಂಡು ಗೆರೆಯ ನಡುವೆ ಬೇಡವೆಂದರೆ ಒತ್ತಿ ನಿಲ್ಲಿಸಲು ಒಂದು ಗುಣಾಕಾರದ ಗುರುತಿತ್ತು. ಅದು ಸರಿಯಾಗಿ ಕೂಸಿನ ಎದೆಯ ಮೇಲೆ ಬಿದ್ದಿತ್ತು, ಬಲಗೈ ಬಂದು ಕಾದ ಜಾಗದಲ್ಲಿ.

ಅವನ ಹೆಬ್ಬೆರಳು ಆ ಗುರುತಿನ ಮೇಲೆ ಹೋಗಿ ಮುಟ್ಟದೆ ನಿಂತಿತು. ಹೋಗಲೆಂದು ಕಾಯುತ್ತಿದ್ದನೋ, ಹೋಗದಿರಲೆಂದೋ. ಎಡಗೈಯಿಂದ ಹಣೆಯ ಬೆವರು ಒರೆಸಿಕೊಳ್ಳಲು ನೋಡಿದ. ಕೈ ಬರಲಿಲ್ಲ. ತಾಯಿಯ ಭಾರದ ಕೆಳಗೆ ಅದು ಮರಗಟ್ಟಿತ್ತು. ಬೆರಳು ಬಿಚ್ಚು ಎಂದು ಅದಕ್ಕೆ ಹೇಳಿದ. ಬಿಚ್ಚಿತೋ ಇಲ್ಲವೋ ತಿಳಿಯಲಿಲ್ಲ. ನೋಡೋಣವೆಂದರೆ ಅದು ತಾಯಿಯ ಸೆರಗಿನೊಳಗೆ ಮುಚ್ಚಿಹೋಗಿತ್ತು.

ಎದುರಿನ ಗಾಡಿ ಬರಲಿಲ್ಲ. ಸಾವಿತ್ರಿಬಾಯಿ ನಿದ್ದೆಯಲ್ಲೇ ಅವನ ತೋಳಿನ ಮೇಲೆ ಇನ್ನಷ್ಟು ಸರಿದು ಮಲಗಿದಳು. ಕೂಸಿನ ಎದೆಯ ಮೇಲೆ ಗೆರೆ ಅರ್ಧದಲ್ಲಿ ಸುತ್ತುತ್ತಿತ್ತು, ಸುತ್ತುತ್ತಿತ್ತು, ಮುಂದೆ ಹೋಗದೆ.